ಟಯರು ಕೊಳ್ಳುವ ಮೊದಲು ದಾರಿ ಅಳೆಯಿರಿ

ಗುಡ್ಡದ ಕೃಷಿಕನಿಗೆ ಫೋರ್‌ವೀಲ್ ಜೀಪು ಶೋಕಿಯ ವಾಹನವಲ್ಲ. ಗೊಬ್ಬರ ತರುವುದು, ಅಡಿಕೆಯನ್ನು ಸೊಸೈಟಿಗೆ ಮುಟ್ಟಿಸುವುದು, ಕೆಲಸದವರನ್ನು ಕರೆತರುವುದು ಎಲ್ಲಕ್ಕೂ ಅದೇ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ದಕ್ಷಿಣ ಕನ್ನಡದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಒಳದಾರಿಗಳಲ್ಲಿ ಬೇರೆ ಗಾಡಿ ಓಡುವುದೂ ಕಷ್ಟ. ನಮ್ಮ ಏಳು ಮನೆಗಳಿಗೆ ಆ ನಾಲ್ಕು ತಿಂಗಳು ನನ್ನ ಜೀಪೇ ಆಂಬುಲೆನ್ಸ್. ಹಾವು ಕಚ್ಚಿದವರನ್ನೂ ಹೆರಿಗೆಗೆ ಹೋಗುವವರನ್ನೂ ಅದರಲ್ಲೇ ಕೂರಿಸಿಕೊಂಡು ಇಳಿದಿದ್ದೇನೆ. ಹಾಗಾಗಿ ಅದರ ಟಯರು ಯಾವುದಿರಬೇಕು ಎಂಬುದು ಬರೇ ದುಡ್ಡಿನ ಪ್ರಶ್ನೆಯಲ್ಲ.

ದುಡ್ಡಿನ ಪ್ರಶ್ನೆಯೂ ಹೌದು. ಒಂದು ಸೆಟ್ ಟಯರು ಎಂದರೆ ಸಣ್ಣ ಹಿಡುವಳಿದಾರನ ಕೈಯಿಂದ ಒಮ್ಮೆಗೇ ಹೋಗುವ ದೊಡ್ಡ ಮೊತ್ತ. ಅಂಗಡಿಗೆ ಹೋದರೆ ‘ಅಣ್ಣಾ, ನಿಮ್ಮದು ಗುಡ್ಡ ಅಲ್ವಾ, ದೊಡ್ಡ ಹಲ್ಲಿನದ್ದು ಹಾಕಿ, ಮತ್ತೆ ನೋಡ್ಲಿಕ್ಕಿಲ್ಲ’ ಎಂಬ ಸಲಹೆ ಸಿದ್ಧವಾಗಿರುತ್ತದೆ. ಪೇಟೆಯ ಹುಡುಗರ ಗಾಡಿಗಳಲ್ಲಿ ಅಂಥ ಟಯರು ನೋಡುವಾಗ ನಮಗೂ ಆಸೆಯಾಗುತ್ತದೆ. ಆದರೆ ಟಯರಿನ ಹಲ್ಲು ನೋಡುವ ಮೊದಲು ನಮ್ಮ ದಾರಿ ನೋಡಬೇಕು ಎಂಬುದು ನನ್ನ ಅನುಭವ.

ಕ್ಯಾಲೆಂಡರಿನ ಲೆಕ್ಕ

ಹಳೆ ಟಯರು ಸವೆಯುತ್ತಾ ಬಂದ ವರ್ಷ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಓಡಾಟ ಗುರುತು ಹಾಕುತ್ತಾ ಹೋದೆ. ಟಾರು ರಸ್ತೆ ಎಷ್ಟು, ಮಣ್ಣಿನ ದಾರಿ ಎಷ್ಟು, ಮಳೆಗಾಲದ ಕೆಸರು ಎಷ್ಟು ಎಂದು ಬೇರೆ ಬೇರೆ. ವರ್ಷದ ಕೊನೆಗೆ ಕೂಡಿಸಿದರೆ ಒಟ್ಟು 8,640 ಕಿ.ಮೀ. ಅದರಲ್ಲಿ ಮಣ್ಣಿನ ದಾರಿ 790. ಆ 790ರಲ್ಲಿ ನಿಜವಾದ ಕೆಸರಿನದ್ದು 260 ಮಾತ್ರ. ಅಂದರೆ ನೂರರಲ್ಲಿ ತೊಂಬತ್ತೊಂದು ಪಾಲು ನನ್ನ ಜೀಪು ಓಡುವುದು ಟಾರಿನ ಮೇಲೆ, ಕೆಸರಿನಲ್ಲಿ ಮೂರೇ ಪಾಲು.

ಇನ್ನೊಬ್ಬರ ಲೆಕ್ಕ ಬೇರೆ ಇರಬಹುದು. ಘಟ್ಟದ ಮೇಲೆ ತೋಟದೊಳಗೇ ದಿನವಿಡೀ ಓಡುವ ಜೀಪಿಗೆ ಕೆಸರಿನ ಪಾಲು ಹೆಚ್ಚು. ಅದಕ್ಕೇ ಮೊದಲು ಬರೆದಿಡಿ ಎನ್ನುವುದು. ಒಂದು ವರ್ಷ ಬೇಡ, ಮಳೆಗಾಲದ ಒಂದು ತಿಂಗಳು, ಬೇಸಿಗೆಯ ಒಂದು ತಿಂಗಳು ಬರೆದರೂ ಸಾಕು, ಚಿತ್ರ ಸಿಗುತ್ತದೆ.

ಮೂರು ಜಾತಿ

ಅಂಗಡಿಯಲ್ಲಿ ಸಿಗುವ ಟಯರನ್ನು ಸ್ಥೂಲವಾಗಿ ಮೂರು ಜಾತಿ ಮಾಡಬಹುದು.

ಮೊದಲನೆಯದು ಎಚ್.ಟಿ., ಅಂದರೆ ರಸ್ತೆಯ ಟಯರು. ಹಲ್ಲು ಸಣ್ಣದು, ನಡುವಿನ ತೋಡು ಕಿರಿದು. ಟಾರಿನಲ್ಲಿ ಸದ್ದಿಲ್ಲ, ಬಾಳಿಕೆ ಜಾಸ್ತಿ, ಒದ್ದೆ ರಸ್ತೆಯಲ್ಲಿ ಬ್ರೇಕು ಚೆನ್ನಾಗಿ ಹಿಡಿಯುತ್ತದೆ. ಆದರೆ ನಮ್ಮ ಅಂಟುಮಣ್ಣು ಆ ತೋಡಿನಲ್ಲಿ ತುಂಬಿದರೆ ಹೊರಬೀಳುವುದಿಲ್ಲ. ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಚಕ್ರ ಮಣ್ಣಿನ ಉಂಡೆಯಂತಾಗಿ ನಿಂತಲ್ಲೇ ತಿರುಗುತ್ತದೆ.

ಎರಡನೆಯದು ಎಂ.ಟಿ., ಮಡ್ ಟಯರು. ದೊಡ್ಡ ಹಲ್ಲು, ಅಗಲ ತೋಡು. ಚಕ್ರ ತಿರುಗಿದಂತೆ ಮಣ್ಣು ತಾನಾಗಿ ಎಸೆಯಲ್ಪಡುತ್ತದೆ. ಆಳದ ಕೆಸರಿಗೆ ಇದಕ್ಕೆ ಸಾಟಿಯಿಲ್ಲ. ಆದರೆ ಟಾರಿನ ಮೇಲೆ ನೆಲ ಮುಟ್ಟುವ ರಬ್ಬರ್ ಕಡಿಮೆ. ಮಳೆಯಲ್ಲಿ ಒದ್ದೆ ಟಾರಿನ ಮೇಲೆ ಬ್ರೇಕು ಹಾಕಿದರೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಸದ್ದು ಹೆಚ್ಚು, ಬೇಗ ಸವೆಯುತ್ತದೆ, ಡೀಸೆಲ್ಲೂ ಹೆಚ್ಚು ಬೇಕು. ಪಾಚಿ ಹಿಡಿದ ಮುರಕಲ್ಲಿನ ಮೇಲೆ ಇದರಿಂದ ವಿಶೇಷ ಉಪಕಾರವೂ ಇಲ್ಲ. ಅಲ್ಲಿ ಊರಲು ಕೆಸರಿಲ್ಲ. ಬೇಕಾದ್ದು ಕಲ್ಲಿಗೆ ಅಂಟಿ ಕೂರುವ ರಬ್ಬರು.

ಮೂರನೆಯದು ಎ.ಟಿ., ಇವೆರಡರ ನಡುವಿನದು. ಅಂಚಿನಲ್ಲಿ ದೊಡ್ಡ ಹಲ್ಲು, ಮಧ್ಯದಲ್ಲಿ ಒತ್ತೊತ್ತಾದ ಹಲ್ಲು. ಎರಡೂ ಕಡೆ ನಡೆಯುತ್ತದೆ, ಎರಡರಲ್ಲೂ ಮೊದಲ ಸ್ಥಾನವಿಲ್ಲ.

ಖರ್ಚನ್ನು ಕಿಲೋಮೀಟರಿಗೆ ಹಾಕಿ ನೋಡಿ. ಉದಾಹರಣೆಗೆ, ಆರು ಸಾವಿರದ ಟಯರು 40 ಸಾವಿರ ಕಿ.ಮೀ. ಬಂದರೆ ಕಿಲೋಮೀಟರಿಗೆ 15 ಪೈಸೆ. ಒಂಬತ್ತು ಸಾವಿರದ ಮಡ್ ಟಯರು 25 ಸಾವಿರಕ್ಕೆ ಮುಗಿದರೆ 36 ಪೈಸೆ. ಇದು ಒಂದು ಚಕ್ರದ ಲೆಕ್ಕ, ನಾಲ್ಕರಿಂದ ಗುಣಿಸಿಕೊಳ್ಳಿ. ನಿಮ್ಮಲ್ಲಿ ಸಿಗುವ ಬೆಲೆ, ನಿಮಗೆ ಬರುವ ಬಾಳಿಕೆ ಹಾಕಿ ಇದೇ ಲೆಕ್ಕ ಮಾಡಬಹುದು.

ದೊಡ್ಡ ಟಯರಿನ ಆಸೆ

ನನ್ನ ಗಾಡಿಯ ಅಳತೆ 215/75 ಆರ್ 15. ಇದನ್ನು ಓದುವುದು ಹೀಗೆ: ಟಯರಿನ ಅಗಲ 215 ಮಿ.ಮೀ., ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 75 ಪಾಲು, ಆರ್ ಎಂದರೆ ರೇಡಿಯಲ್, ರಿಮ್ಮು 15 ಇಂಚು. ಹಳೆ ಜೀಪುಗಳ 6.00-16 ಎಂಬುದರಲ್ಲಿ ಅಗಲ ಆರು ಇಂಚು, ರಿಮ್ಮು 16 ಇಂಚು. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ಅಳತೆಯೂ ಇದೇ 6.00-16 ಆಗಿತ್ತು.

‘ಇದೇ ರಿಮ್ಮಿಗೆ 235 ಕೂರ್ತದೆ, ಗಾಡಿ ಎತ್ತರ ಆಗ್ತದೆ, ಅಡಿಗೆ ಕಲ್ಲು ತಾಗುವುದಿಲ್ಲ’ ಎನ್ನುವವರಿದ್ದಾರೆ. ಲೆಕ್ಕ ಹಾಕಿದೆ. 215/75ರ ವ್ಯಾಸ ಸುಮಾರು 703 ಮಿ.ಮೀ., 235/75ರದ್ದು 733. ವ್ಯತ್ಯಾಸ 30 ಮಿ.ಮೀ. ಆದರೆ ಗಾಡಿ ಏರುವುದು ಅದರ ಅರ್ಧ, ಅಂದರೆ 15 ಮಿ.ಮೀ., ಹೆಬ್ಬೆರಳಿನ ಅಗಲಕ್ಕಿಂತಲೂ ಕಡಿಮೆ. ಅಷ್ಟಕ್ಕೆ ಕೊಡುವ ಬೆಲೆ ಏನು? ಚಕ್ರದ ಸುತ್ತಳತೆ ನೂರಕ್ಕೆ ನಾಲ್ಕರಷ್ಟು ಹೆಚ್ಚಿ ಏರಿನಲ್ಲಿ ಎಳೆಯುವ ಶಕ್ತಿ ಅಷ್ಟು ಕುಂದುತ್ತದೆ. ಸ್ಪೀಡು ಮೀಟರು ಕಮ್ಮಿ ತೋರಿಸುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸುವಾಗ ಟಯರು ಮಡ್‌ಗಾರ್ಡಿಗೋ ಸ್ಪ್ರಿಂಗಿಗೋ ಉಜ್ಜುವ ಸಾಧ್ಯತೆ ಬೇರೆ. ಕಂಪೆನಿ ಕೊಟ್ಟ ಅಳತೆಯೇ ನಮಗೆ ಲಾಯಕ್ಕು.

ಭಾರ ಹೊರುವ ಸಂಖ್ಯೆ

ಅಳತೆಯ ಪಕ್ಕದಲ್ಲೇ ‘100 ಎಸ್’ ಎಂಬಂತೆ ಒಂದು ಸಂಖ್ಯೆ, ಒಂದು ಅಕ್ಷರ ಇರುತ್ತದೆ. ಅಕ್ಷರ ವೇಗದ್ದು, ನಮ್ಮ ದಾರಿಯಲ್ಲಿ ಅದರ ಚಿಂತೆ ಬೇಡ. ಸಂಖ್ಯೆ ಮಾತ್ರ ನೋಡಲೇಬೇಕು, ಅದು ಭಾರದ್ದು. 95 ಎಂದರೆ ಆ ಟಯರು 690 ಕಿಲೋ ಹೊರುತ್ತದೆ, 100 ಎಂದರೆ 800 ಕಿಲೋ, 104 ಎಂದರೆ 900 ಕಿಲೋ. ಒಂದೇ ಅಳತೆಯಲ್ಲಿ ಬೇರೆ ಬೇರೆ ಭಾರದ ಟಯರು ಇರಬಹುದು.

ನನ್ನದು ಹಿಂದೆ ಸಾಮಾನು ಹಾಕುವ ಪಿಕಪ್ ಮಾದರಿ. ಹತ್ತು ಗೋಣಿ ಅಡಿಕೆ ಹೇರಿಕೊಂಡು ವೇ ಬ್ರಿಜ್ಜಿಗೆ ಹೋಗಿ ಹಿಂದಿನ ಎರಡು ಚಕ್ರ ಮಾತ್ರ ಹತ್ತಿಸಿ ತೂಗಿಸಿದೆ. ಬಂದದ್ದು 1,410 ಕಿಲೋ. 95ರ ಎರಡು ಟಯರು ಹೊರುವುದು 1,380. ಸಾಲದು. 100ರದ್ದಾದರೆ 1,600, ಸಾಕು. ನೀವೂ ಒಮ್ಮೆ ಹೀಗೆ ತೂಗಿಸಿ. ಆರ್.ಸಿ.ಯಲ್ಲಿ ಬರೆದ ಭಾರದೊಳಗೇ ಇದ್ದರೂ ಹಿಂದಿನ ಚಕ್ರಕ್ಕೆ ಎಷ್ಟು ಬೀಳುತ್ತದೆಂದು ನೋಡದೆ ಗೊತ್ತಾಗುವುದಿಲ್ಲ. ಹಳೆಯದರಲ್ಲಿ ಇದ್ದ ಸಂಖ್ಯೆಗಿಂತ ಕಡಿಮೆಯದ್ದನ್ನು ಅಗ್ಗವೆಂದು ತರಬಾರದು.

ನಾಲ್ಕೂ ಒಂದೇ ಇರಬೇಕು, ಯಾಕೆ?

ಫೋರ್‌ವೀಲ್ ಗಾಡಿಗೆ ಮಾತ್ರ ಇರುವ ಮುಖ್ಯ ವಿಷಯ ಇದು. ನಮ್ಮಲ್ಲಿರುವ ಜೀಪು, ಜಿಪ್ಸಿ, ಥಾರ್ ಎಲ್ಲ ಬೇಕಾದಾಗ ಮಾತ್ರ ಫೋರ್‌ವೀಲ್ ಹಾಕುವ ಜಾತಿಯವು. ಹಾಕಿದಾಗ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿಯಾಗಿ ಒಂದೇ ವೇಗದಲ್ಲಿ ತಿರುಗುತ್ತವೆ. ಹಿಂದೆ ಹೊಸ ಟಯರು, ಮುಂದೆ ಸವೆದದ್ದು ಇದ್ದರೆ ಏನಾಗುತ್ತದೆ?

ಹೊಸದರ ಹಲ್ಲು 8 ಮಿ.ಮೀ., ಹಳೆಯದರದ್ದು 3 ಎಂದಿಟ್ಟುಕೊಳ್ಳಿ. ಸುತ್ತಳತೆಯಲ್ಲಿ 31 ಮಿ.ಮೀ. ವ್ಯತ್ಯಾಸ ಬಂತು. ನನ್ನ ಗಾಡಿಯ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 450 ಸುತ್ತು ತಿರುಗುತ್ತದೆ. ಅಂದರೆ ಕಿಲೋಮೀಟರಿಗೆ 14 ಮೀಟರಿನಷ್ಟು ಮುಂದಿನದಕ್ಕೂ ಹಿಂದಿನದಕ್ಕೂ ತಾಳ ತಪ್ಪುತ್ತದೆ. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಮಾಡಿಕೊಳ್ಳುತ್ತದೆ. ಗಟ್ಟಿ ನೆಲದಲ್ಲಿ ಜಾರಲಾಗದೆ ಆ ಒತ್ತಡ ಎಲ್ಲ ಗೇರಿಗೆ, ಶಾಫ್ಟಿನ ಜಾಯಿಂಟಿಗೆ ಬೀಳುತ್ತದೆ. ಫೋರ್‌ವೀಲ್ ಲಿವರು ಹಿಂದೆ ಬಾರದೆ ಕಚ್ಚಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಟಯರಿನಲ್ಲಿ ಉಳಿಸಿದ ದುಡ್ಡು ಗ್ಯಾರೇಜಿಗೆ ಹೋಗುತ್ತದೆ.

ಹಾಗಾಗಿ ನಾಲ್ಕೂ ಒಂದೇ ಅಳತೆ, ಒಂದೇ ಕಂಪೆನಿ, ಒಂದೇ ಹಲ್ಲಿನದ್ದು ಇರಲಿ. ರೇಡಿಯಲ್ ಮತ್ತು ನೈಲಾನ್ ಬೆರಕೆ ಬೇಡವೇ ಬೇಡ. ಪರೀಕ್ಷೆಗೆ ಸುಲಭ ದಾರಿ ಉಂಟು. ನಾಲ್ಕರಲ್ಲೂ ಗಾಳಿ ಸರಿಮಾಡಿ, ಅಂಗಳದಲ್ಲಿ ಟಯರಿಗೂ ನೆಲಕ್ಕೂ ಸುಣ್ಣದ ಗುರುತು ಹಾಕಿ, ಜೀಪನ್ನು ಮೆಲ್ಲ ನೂಕಿ ಒಂದು ಸುತ್ತು ಉರುಳಿಸಿ ಟೇಪು ಹಿಡಿಯಿರಿ. ಮುಂದಿನದು, ಹಿಂದಿನದು ಎಷ್ಟೆಷ್ಟೆಂದು ತಿಳಿಯುತ್ತದೆ.

ನಾಲ್ಕಕ್ಕೆ ದುಡ್ಡು ಹೊಂದದಿದ್ದರೆ ಎರಡು ಕೊಳ್ಳಿ. ಹೊಸ ಜೊತೆ ಹಿಂದಕ್ಕೆ ಹಾಕಿ. ಭಾರ ಬೀಳುವುದು ಅಲ್ಲಿ, ಇಳಿಜಾರಿನ ತಿರುವಿನಲ್ಲಿ ಹಿಂಭಾಗ ಜಾರಿದರೆ ಹಿಡಿತಕ್ಕೆ ತರುವುದೂ ಕಷ್ಟ. ಉಳಿದೆರಡು ಬದಲಿಸುವ ತನಕ ಫೋರ್‌ವೀಲನ್ನು ಕೆಸರಿಗೆ ಮಾತ್ರ ಹಾಕಿ. ಮುಂದೆ ಹೀಗಾಗದಿರಲು ಎಂಟು ಹತ್ತು ಸಾವಿರ ಕಿ.ಮೀ.ಗೊಮ್ಮೆ ಸ್ಟೆಪ್ನಿಯನ್ನೂ ಸೇರಿಸಿ ಐದನ್ನೂ ಸುತ್ತು ಬದಲಿಸುತ್ತಾ ಬಂದರೆ ಎಲ್ಲ ಒಟ್ಟಿಗೇ ಸವೆಯುತ್ತವೆ.

ತಾರೀಕು ಓದಿ

ರಬ್ಬರಿಗೆ ಓಡದಿದ್ದರೂ ವಯಸ್ಸಾಗುತ್ತದೆ. ಟಯರಿನ ಪಕ್ಕೆಯಲ್ಲಿ ನಾಲ್ಕು ಅಂಕೆ ಅಚ್ಚಾಗಿರುತ್ತದೆ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ವರ್ಷಗಟ್ಟಲೆ ಅಂಗಡಿಯಲ್ಲಿ ಕೂತದ್ದಕ್ಕೆ ರಿಯಾಯಿತಿ ಕೊಟ್ಟರೂ ನನಗೆ ಬೇಡ. ಐದು ವರ್ಷ ದಾಟಿದ ಟಯರಿನ ಪಕ್ಕೆ ಬಿರಿದಿದೆಯೇ ಎಂದು ಪ್ರತಿ ಮಳೆಗಾಲಕ್ಕೆ ಮೊದಲು ನೋಡಿ. ಹತ್ತು ವರ್ಷವಾದದ್ದು ಹಲ್ಲಿದ್ದರೂ ಬೇಡ. ಐ.ಎಸ್.ಐ. ಗುರುತು ಇರಲೇಬೇಕು.

ಹಲ್ಲಿನ ನಡುವಿನ ತೋಡಿನಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬ ಇರುತ್ತದೆ. ಹಲ್ಲು ಸವೆದು ಅದರ ಮಟ್ಟಕ್ಕೆ ಬಂದರೆ ಉಳಿದದ್ದು 1.6 ಮಿ.ಮೀ. ಅಲ್ಲಿಗೆ ಟಯರಿನ ಕತೆ ಮುಗಿಯಿತು. ನಮ್ಮ ಮಳೆಗೆ 3 ಮಿ.ಮೀ. ಇರುವಾಗಲೇ ಬದಲಿಸುವುದು ಒಳ್ಳೆಯದು. ರೀಸೋಲ್ ಮಾಡಿಸಿದ್ದು ಟ್ರಾಲಿಗಾದರೆ ಅಡ್ಡಿಯಿಲ್ಲ. ಜನ ಕೂರುವ ಜೀಪಿನ ಮುಂದಿನ ಚಕ್ರಕ್ಕೆ ನಾನಂತೂ ಹಾಕುವುದಿಲ್ಲ.

ಟ್ಯೂಬ್‌ಲೆಸ್ಸಿಗೆ ಮೊಳೆ ಹೊಕ್ಕರೆ ಗಾಳಿ ಮೆಲ್ಲ ಇಳಿಯುತ್ತದೆ, ಮನೆಗೆ ಮುಟ್ಟಬಹುದು. ಆದರೆ ಕಲ್ಲಿಗೆ ಬಡಿದು ರಿಮ್ಮಿನ ಅಂಚು ಸೊಟ್ಟಗಾದರೆ ಅಲ್ಲಿಂದ ಗಾಳಿ ಹೋಗುತ್ತದೆ. ಟ್ಯೂಬಿಗಾಗಿ ಮಾಡಿದ ಹಳೆ ರಿಮ್ಮಿಗೆ ಟ್ಯೂಬ್‌ಲೆಸ್ ಹಾಕಬಾರದು. ಪಕ್ಕೆ ಹರಿದ ರೇಡಿಯಲ್ಲಿಗೆ ಪ್ಯಾಚು ಹಾಕಿಸಿ ಓಡಿಸುವುದೂ ಬೇಡ.

ಉಳಿದ ದುಡ್ಡು ದಾರಿಗೆ

ನಾನು ಆರಿಸಿದ್ದು ಎ.ಟಿ. ಟಯರು, ಸ್ಟೆಪ್ನಿ ಸೇರಿ ಐದು. ಆ 260 ಕಿಲೋಮೀಟರ್ ಕೆಸರಿನಲ್ಲೂ ನಿಜಕ್ಕೂ ತೊಂದರೆ ಕೊಡುತ್ತಿದ್ದದ್ದು ತೋಡಿನ ಬದಿಯ ಅರುವತ್ತು ಮೀಟರು ಏರು ಮಾತ್ರ. ಮಡ್ ಟಯರಿಗೆ ಹೆಚ್ಚಿಗೆ ಕೊಡಬೇಕಾಗಿದ್ದ ದುಡ್ಡನ್ನು ಅಲ್ಲಿಗೆ ಹಾಕಿದೆ. ಮೇಲಿನ ಬದಿಯಲ್ಲಿ ಚರಂಡಿ ತೋಡಿ ನೀರು ದಾರಿಗೆ ಇಳಿಯದಂತೆ ಮಾಡಿದೆವು. ಚಕ್ರ ಹೋಗುವ ಎರಡು ಸಾಲಿಗೆ ಮಾತ್ರ ಮುರಕಲ್ಲು ಹಾಸಿ ಸಂದಿಗೆ ಚರಳು ತುಂಬಿದೆವು. ನೆರೆಮನೆಯವರೂ ಕೈಹಾಕಿದರು. ಈಗ ಅಲ್ಲಿ ಬೈಕೂ ಹೋಗುತ್ತದೆ.

ಅದಕ್ಕೂ ಮೀರಿ ಕೆಸರಾದ ದಿನ ಟಯರಿನ ಗಾಳಿ 30 ಪಾಯಿಂಟಿನಿಂದ 20ಕ್ಕೆ ಇಳಿಸುತ್ತೇನೆ. ಟಯರು ಅಗಲವಾಗಿ ನೆಲಕ್ಕೆ ಕೂರುತ್ತದೆ. ಗಾಡಿ ಖಾಲಿ ಇರಬೇಕು, ನಿಧಾನ ಹೋಗಬೇಕು, ಟಾರಿಗೆ ಬಂದ ಕೂಡಲೇ ಗಾಳಿ ತುಂಬಿಸಬೇಕು. ಇದಕ್ಕಾಗಿ ಬ್ಯಾಟರಿಯಿಂದ ಓಡುವ ಸಣ್ಣ ಪಂಪು, ಒಂದು ಗೇಜು ಜೀಪಿನಲ್ಲೇ ಇದೆ. ಕೆಸರೇ ಹೆಚ್ಚಿರುವ ಕಡೆಯವರು ಚಕ್ರಕ್ಕೆ ಚೈನು ಕಟ್ಟಬಹುದು, ಟಾರಿನಲ್ಲಿ ಮಾತ್ರ ಬಿಚ್ಚಲೇಬೇಕು.

ಅಂಗಡಿಗೆ ಹೋಗುವ ಮೊದಲು

1. ಟಾರು, ಮಣ್ಣು, ಕೆಸರು: ಯಾವುದು ಎಷ್ಟು ಕಿ.ಮೀ. ಎಂದು ಬರೆದಿಡಿ.
2. ಹಳೆ ಟಯರಿನ ಅಳತೆ ಮತ್ತು ಭಾರದ ಸಂಖ್ಯೆ ಚೀಟಿಯಲ್ಲಿ ಗುರುತಿಸಿಕೊಳ್ಳಿ.
3. ಹೇರು ಸಮೇತ ಹಿಂದಿನ ಚಕ್ರದ ಭಾರ ತೂಗಿಸಿ.
4. ನಾಲ್ಕೂ ಟಯರಿನ ತಾರೀಕನ್ನು ನೀವೇ ಓದಿ, ಫಿಟ್ ಮಾಡುವ ಮೊದಲೇ.
5. ಬಿಲ್ಲು, ಗ್ಯಾರಂಟಿ ಕಾರ್ಡು ಜೋಪಾನ. ವೀಲ್ ಅಲೈನ್‌ಮೆಂಟ್ ಅದೇ ದಿನ ಮಾಡಿಸಿ.
6. ದಾರಿಯ ಕೆಟ್ಟ ತುಂಡು ಎಷ್ಟು ಉದ್ದ ಎಂದು ಅಳೆಯಿರಿ. ಅಲ್ಲಿ ಟಯರು ಬೇಕೇ, ಚರಂಡಿ ಬೇಕೇ ಎಂದು ಯೋಚಿಸಿ.

ನೈಲಾನ್ ಟಯರು, ಚೈನು ಬಳಸುತ್ತಿರುವವರ ಲೆಕ್ಕ ಬೇರೆಯಿರಬಹುದು. ಅಂಥವರು ತಮ್ಮ ಅನುಭವವನ್ನು ಕಿಲೋಮೀಟರ್ ಲೆಕ್ಕ ಸಹಿತ ಬರೆದರೆ ಎಲ್ಲರಿಗೂ ಉಪಕಾರವಾದೀತು.