ನೀರಿನ ಡ್ರಮ್ಮಿಗೊಂದು ನಿದ್ದೆಗಣ್ಣಿನ ಕಾವಲು

ಹಿತ್ತಲಿನ ನೀಲಿ ಡ್ರಮ್ಮನ್ನು ಕೊನೆಯ ಸಲ ತೊಳೆದದ್ದು ಯಾವಾಗ? ಆಶಾ ಕಾರ್ಯಕರ್ತೆ ಒಳಗೆ ಟಾರ್ಚ್ ಬಿಟ್ಟು ನೋಡುತ್ತಾ ಹೀಗೆ ಕೇಳಿದರೆ ನಾವು ತಡವರಿಸುತ್ತೇವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ತಿಳಿನೀರೇ ಇಷ್ಟ. ಬೇಸಿಗೆಯ ಬೆಚ್ಚನೆಯಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರಲು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ಡ್ರಮ್ ಬರಿದು ಮಾಡಿ ಉಜ್ಜಿ ಎಂದು ಅವರು ಹೇಳುವುದು ಅದಕ್ಕೇ.

ಮೊಬೈಲಿನ ಅಲಾರಂ ಇದಕ್ಕೆ ಆಗಿಬರುವುದಿಲ್ಲ. ಅದನ್ನು ಆರಿಸುತ್ತೇವೆ, ಮರೆಯುತ್ತೇವೆ. ಡ್ರಮ್ ತೊಳೆದೆವೋ ಇಲ್ಲವೋ ಅದಕ್ಕೇನು ಗೊತ್ತು? ಡ್ರಮ್ಮೇ ನೆನಪಿಸಬೇಕು. ತೊಳೆದಾಗ ಅದನ್ನು ಬೋರಲು ಹಾಕುತ್ತೇವಲ್ಲ, ಸುಳಿವು ಅಲ್ಲಿದೆ. ಟಿಲ್ಟ್ ಸ್ವಿಚ್ ಎಂಬ ಪುಟ್ಟ ಕೊಳವೆಯೊಳಗೆ ಲೋಹದ ಗುಂಡೊಂದಿರುತ್ತದೆ. ಡ್ರಮ್ ಬೋರಲಾದಾಗ ಗುಂಡು ಉರುಳಿ ಎರಡು ತಂತಿಗಳನ್ನು ಕೂಡಿಸುತ್ತದೆ. ದಿನಗಳ ಎಣಿಕೆ ಸೊನ್ನೆಯಿಂದ ಮತ್ತೆ ಶುರು.

ಕಷ್ಟವಿರುವುದು ವಿದ್ಯುತ್ತಿನಲ್ಲಿ. ನಾಣ್ಯದಂಥ ಸಿಆರ್ 2032 ಸೆಲ್ಲಿನಲ್ಲಿರುವುದು ಸುಮಾರು 220 ಮಿಲಿಆಂಪ್-ಅವರ್. ದಿನ ಎಣಿಸುವ ಚಿಪ್ ಸದಾ ಎಚ್ಚರವಿದ್ದು ಬರೀ 1 ಮಿಲಿಆಂಪ್ ಎಳೆದರೂ ಒಂಬತ್ತು ದಿನಕ್ಕೆ ಸೆಲ್ ಖಾಲಿ. ಹಾಗಾಗಿ ಚಿಪ್ಪನ್ನು ಮಲಗಿಸಬೇಕು. ಎಟಿ-ಟೈನಿ 85ರಂಥ ಅಗ್ಗದ ಮೈಕ್ರೋಕಂಟ್ರೋಲರ್ ಗಾಢ ನಿದ್ದೆಯಲ್ಲಿ, ಒಳಗಿನ ಟೈಮರ್ ಓಡುತ್ತಿದ್ದರೂ, ಸುಮಾರು 5 ಮೈಕ್ರೋಆಂಪ್ ಅಷ್ಟೇ ಕುಡಿಯುತ್ತದೆ. ಎಂಟು ಸೆಕೆಂಡಿಗೊಮ್ಮೆ ಅರೆಕ್ಷಣ ಕಣ್ಣು ತೆರೆದು, ಸ್ವಿಚ್ ನೋಡಿ, ಲೆಕ್ಕಕ್ಕೆ ಒಂದು ಕೂಡಿಸಿ ಮತ್ತೆ ಮಲಗುತ್ತದೆ. ಈ ದರದಲ್ಲಿ ಸೆಲ್ 44,000 ಗಂಟೆ, ಅಂದರೆ ಲೆಕ್ಕದ ಪ್ರಕಾರ ಐದು ವರ್ಷ ಬರಬೇಕು.

ಒಂದೇ ಒಂದು ತಂತಿ ಈ ಲೆಕ್ಕವನ್ನೆಲ್ಲ ಕೆಡಿಸಬಲ್ಲದು. ಡ್ರಮ್ ನೆಟ್ಟಗಿದ್ದಾಗಲೇ ಸ್ವಿಚ್ ಕೂಡಿಕೊಂಡಿರುವಂತೆ ಬೆಸೆದರೆ, 3 ವೋಲ್ಟಿನಲ್ಲಿ 30,000 ಓಮ್ ರೆಸಿಸ್ಟರಿನ ಮೂಲಕ ಹಗಲೂ ರಾತ್ರಿ 100 ಮೈಕ್ರೋಆಂಪ್ ಸೋರುತ್ತದೆ. ಚಿಪ್ ಎಷ್ಟು ಗಾಢವಾಗಿ ಮಲಗಿದರೂ ಮೂರು ತಿಂಗಳಿಗೆ ಸೆಲ್ ಮುಗಿಯಿತು. ಕೊಳವೆಯನ್ನು ತಿರುಗಿಸಿ ಕೂರಿಸಿದರೆ ಆ ಸೋರಿಕೆಯೇ ಇಲ್ಲ. ಇಂಥ ಕಡೆಯೇ ವಿನ್ಯಾಸದ ನಿಜವಾದ ಸೊಗಸು ಇರುವುದು ಎಂದು ನನಗೆ ಅನಿಸುತ್ತದೆ.

ಚಿಪ್ಪಿನೊಳಗಿನ ಟೈಮರ್ ಕೈಗಡಿಯಾರದಷ್ಟು ನಿಖರವಲ್ಲ. ನೂರಕ್ಕೆ ಹತ್ತರಷ್ಟು ಹಿಂದೆ ಮುಂದೆ ಆಗಬಹುದು. ಅದಕ್ಕಾಗಿ ಬೇರೆ ಸ್ಫಟಿಕ ಬೇಡ, ಏಳರ ಬದಲು ಆರು ದಿನಕ್ಕೆ ಎಣಿಸಿದರಾಯಿತು. ಆಮೇಲೆ ಕೆಂಪು ಎಲ್‌ಇಡಿ ಮಿನುಗಲಿ, ಎಂಟು ಸೆಕೆಂಡಿಗೊಮ್ಮೆ, ಸೆಕೆಂಡಿನ ನೂರರಲ್ಲೊಂದು ಪಾಲು. ಕಣ್ಣಿಗೆ ಅಷ್ಟು ಸಾಕು.

ಆದರೆ ಗುಂಡಿಗೆ ಡ್ರಮ್ ಬೋರಲಾದದ್ದು ಮಾತ್ರ ಗೊತ್ತು, ಉಜ್ಜಿದ್ದು ಗೊತ್ತಾಗದು. ಈಡಿಸ್ ಮೊಟ್ಟೆಗಳು ನೀರಿನ ಅಂಚಿಗೆ ತುಸು ಮೇಲೆ ಗೋಡೆಗೆ ಅಂಟಿರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ಸೋಕಿದಾಗ ಒಡೆಯುತ್ತವೆ. ಎಲ್‌ಇಡಿ ಪೆಟ್ಟಿಗೆಯ ಪಕ್ಕದಲ್ಲೇ ಒಂದು ಹಿಡಿ ತೆಂಗಿನ ನಾರನ್ನೂ ಕಟ್ಟಿ ತೂಗುಹಾಕಿ.