ಕಣ್ಣಿನ ಒಳಪರದೆಯ ಡಾಕ್ಟರು ತಯಾರಾಗುವ ಬಗೆ



ನಮ್ಮ ಕಡೆಯ ಹಿರಿಯರಿಗೆ ಕಣ್ಣಿನ ಡಾಕ್ಟರೆಂದ ಕೂಡಲೇ ನೆನಪಾಗುವವರು 2005ರಲ್ಲಿ ತೀರಿಕೊಂಡ ಡಾ. ಎಂ. ಸಿ. ಮೋದಿಯವರು. ಊರೂರಿಗೆ ಹೋಗಿ ಶಿಬಿರ ಹಾಕಿ, ಲೆಕ್ಕವಿಲ್ಲದಷ್ಟು ಜನರ ಪೊರೆ ತೆಗೆದ ಪುಣ್ಯಾತ್ಮರು. ಆ ಶಿಬಿರಗಳಿಂದ ನಮ್ಮ ಜನರ ಮನಸ್ಸಿನಲ್ಲಿ ಒಂದು ಲೆಕ್ಕ ಕೂತುಬಿಟ್ಟಿದೆ: ಕಣ್ಣು ಮಂಜಾದರೆ ಪೊರೆ, ಪೊರೆಗೆ ಶಿಬಿರ, ಶಿಬಿರ ಬರುವ ತನಕ ಕಾಯುವುದು. ಪೊರೆಯ ಮಟ್ಟಿಗೆ ಈ ಲೆಕ್ಕ ಬಹುಪಾಲು ನಡೆಯುತ್ತದೆ. ಕಣ್ಣಿನ ಹಿಂಭಾಗದ ಕಾಯಿಲೆಗೆ ನಡೆಯುವುದಿಲ್ಲ. ಅದಕ್ಕೆ ಶಿಬಿರ ಸಾಲದು, ಎಲ್ಲ ಕಣ್ಣಿನ ಡಾಕ್ಟರೂ ಆಗುವುದಿಲ್ಲ. ಏಕೆಂಬುದನ್ನು ಇಂದು ನೋಡೋಣ.

ಕಣ್ಣಿನ ಹಿಂದಿನ ಒಳಗೋಡೆಗೆ ಒಂದು ತೆಳು ಪರದೆ ಅಂಟಿಕೊಂಡಿದೆ. ದಪ್ಪ ಸುಮಾರು ಕಾಲು ಮಿಲಿಮೀಟರು. ಇದೇ ಅಕ್ಷಿಪಟಲ, ಇಂಗ್ಲಿಷಿನ ರೆಟಿನಾ. ಅದರ ಮುಂದೆ ಕಣ್ಣುಗುಡ್ಡೆಯ ತುಂಬ ಮೊಟ್ಟೆಯ ಬಿಳಿಯಂಥ ತಿಳಿಯಾದ ಲೋಳೆ. ವಯಸ್ಸಾದಂತೆ ಈ ಲೋಳೆ ನೀರಾಗಿ ಕುಗ್ಗುತ್ತದೆ. ಕೆಲವರಲ್ಲಿ ಕುಗ್ಗುವಾಗ ಪರದೆಯನ್ನು ಜಗ್ಗಿ ಹರಿದುಬಿಡುತ್ತದೆ. ಹರಿದ ಜಾಗದಿಂದ ನೀರು ಹಿಂದಕ್ಕೆ ನುಗ್ಗಿ, ಮಳೆನೀರು ಹೊಕ್ಕ ಗೋಡೆಯ ಗಿಲಾವಿನಂತೆ ಪರದೆ ಕಳಚತೊಡಗುತ್ತದೆ. ನೋವಿಲ್ಲ, ಕೆಂಪಿಲ್ಲ. ಮಿಂಚಿದಂತೆ ಬೆಳಕು, ಒಮ್ಮೆಲೇ ಹಾರಾಡುವ ಕರಿ ಚುಕ್ಕೆಗಳು, ಆಮೇಲೆ ಒಂದು ಬದಿಯಿಂದ ತೆರೆ ಎಳೆದಂತೆ ನೆರಳು, ಇಷ್ಟೇ ಗುರುತು. ಪರದೆಯ ನಡುಭಾಗ ಇನ್ನೂ ಕಳಚಿರದಿದ್ದರೆ ಅಂದೋ ಮರುದಿನವೋ ಆಪರೇಷನ್ ಆಗುವುದು ಒಳ್ಳೆಯದು. ನೋವಿಲ್ಲವಲ್ಲ, ಸಂತೆ ಮುಗಿಸಿಕೊಂಡು ಹೋದರಾಯಿತು ಎನ್ನುವ ನಮ್ಮ ಸ್ವಭಾವವೇ ಇಲ್ಲಿ ಮುಳುವಾಗುತ್ತದೆ.

ಈಗ ಡಾಕ್ಟರ ಕಡೆ ಬರೋಣ. ಎಂ.ಬಿ.ಬಿ.ಎಸ್. ಐದೂವರೆ ವರ್ಷ. ಅದಾದ ಮೇಲೆ ಕಣ್ಣಿನ ಎಂ.ಎಸ್. 3 ವರ್ಷ. ಇಷ್ಟು ಓದಿದವರು ಕಣ್ಣಿನ ಡಾಕ್ಟರು. ಅವರ ಕೈ ಪಳಗಿರುವುದು ಹೆಚ್ಚಾಗಿ ಪೊರೆಯ ಆಪರೇಷನ್ನಿನಲ್ಲಿ. ಪರದೆಯ ಆಪರೇಷನ್ನನ್ನು ನೋಡಿರುತ್ತಾರೆ, ಸಹಾಯಕ್ಕೆ ನಿಂತಿರುತ್ತಾರೆ. ತಾವೇ ಮಾಡಿರುವುದು ಅಪರೂಪ. ಅದನ್ನು ಕಲಿಯಬೇಕಾದರೆ ಮತ್ತೆ ಒಂದೂವರೆ, ಎರಡು ವರ್ಷ ದೊಡ್ಡ ಆಸ್ಪತ್ರೆಯಲ್ಲಿ ದುಡಿಯಬೇಕು. ಇದಕ್ಕೆ ಫೆಲೋಶಿಪ್ ಎನ್ನುತ್ತಾರೆ. ಪುಸ್ತಕದ ಓದಿಗಿಂತ ಇದು ಗುರುವಿನ ಪಕ್ಕದಲ್ಲಿ ನಿಂತು ಹಿಡಿಯುವ ಕಸುಬು.

ಈ ಗುರುಪರಂಪರೆಯ ಮೂಲ ಸ್ವಾರಸ್ಯವಾಗಿದೆ. 1920ರ ದಶಕದ ತನಕ ಪರದೆ ಕಳಚಿದರೆ ಕಣ್ಣು ಹೋಯಿತೆಂದೇ ಲೆಕ್ಕ. ಸ್ವಿಟ್ಜರ್ಲೆಂಡಿನ ಜೂಲ್ ಗೊನ್ಯಾ ಎಂಬವರು, ಹರಿದ ತೂತನ್ನು ಹುಡುಕಿ ಮುಚ್ಚಿದರೆ ಪರದೆ ಮತ್ತೆ ಕೂರುತ್ತದೆಂದು ತೋರಿಸಿದರು. ಆ ತೂತನ್ನು ಸರಿಯಾಗಿ ನೋಡಲು, ತಲೆಗೆ ಕಟ್ಟಿಕೊಂಡು ಎರಡೂ ಕಣ್ಣಿನಿಂದ ನೋಡುವ ದೀಪವನ್ನು ರೂಪಿಸಿದವರು ಬೆಲ್ಜಿಯಮಿನ ಚಾರ್ಲ್ಸ್ ಶೆಪೆನ್ಸ್. ಎರಡನೆಯ ಮಹಾಯುದ್ಧದಲ್ಲಿ ಇವರು ಫ್ರಾನ್ಸ್–ಸ್ಪೇನ್ ಗಡಿಯ ಒಂದು ಹಳ್ಳಿಯಲ್ಲಿ ಹೆಸರು ಬದಲಿಸಿಕೊಂಡು, ಮರದ ವ್ಯಾಪಾರಿಯ ವೇಷದಲ್ಲಿ, ಜನರನ್ನು ಗುಟ್ಟಾಗಿ ಬೆಟ್ಟ ದಾಟಿಸುತ್ತಿದ್ದರು. ಗಡಿಯ ಕಷ್ಟ ಬಲ್ಲವರು! ಆಮೇಲೆ ಅಮೆರಿಕದ ಬಾಸ್ಟನ್ನಿಗೆ ಹೋಗಿ ಕಿರಿಯ ಡಾಕ್ಟರುಗಳಿಗೆ ಪರದೆಯ ಚಿಕಿತ್ಸೆಯೊಂದನ್ನೇ ಕಲಿಸತೊಡಗಿದರು. ಅವರಲ್ಲಿ ಕಲಿತ ಡಾ. ಎಸ್. ಎಸ್. ಬದರಿನಾಥ್ 1978ರಲ್ಲಿ ಮದರಾಸಿನಲ್ಲಿ ಶಂಕರ ನೇತ್ರಾಲಯ ಕಟ್ಟಿದರು. ಕಣ್ಣಿನೊಳಗೇ ಇಳಿದು ಲೋಳೆಯನ್ನು ಕತ್ತರಿಸಿ ಹೀರುವ ಉಪಾಯವನ್ನು 1970ರ ಸುಮಾರಿಗೆ ಮಯಾಮಿಯಲ್ಲಿ ರಾಬರ್ಟ್ ಮ್ಯಾಕೆಮರ್ ಕಂಡುಹಿಡಿದರು. ಮೊದಲು ಪ್ರಯೋಗಿಸಿದ್ದು ಕೋಳಿಮೊಟ್ಟೆಯ ಮೇಲೆ.

ಫೆಲೋಶಿಪ್ಪಿಗೆ ಸೇರಿದವರ ಕೈಗೆ ಮೊದಲ ದಿನವೇ ಚಾಕು ಬರುವುದಿಲ್ಲ. ಬರುವುದು ಆ ತಲೆದೀಪ, ಒಂದು ಮಸೂರ, ಕಾಗದ ಮತ್ತು ಬಣ್ಣದ ಪೆನ್ಸಿಲು. ರೋಗಿಯ ಪರದೆಯನ್ನು ಅಂಚಿನ ತನಕ ನೋಡಿ ಚಿತ್ರ ಬರೆಯಬೇಕು. ಅಂಟಿಕೊಂಡ ಭಾಗಕ್ಕೆ ಕೆಂಪು, ಕಳಚಿದ್ದಕ್ಕೆ ನೀಲಿ. ಮಸೂರದಲ್ಲಿ ಎಲ್ಲವೂ ತಲೆಕೆಳಗು, ಎಡಬಲ ಅದಲುಬದಲು ಕಾಣುವುದರಿಂದ ಕಾಗದವನ್ನೂ ತಿರುವಿಟ್ಟು ಬರೆಯುತ್ತಾರೆ. ಗುರು ಬಂದು ನೋಡಿ, ಮೇಲಿನ ಅಂಚಿನ ಸಣ್ಣ ತೂತು ಎಲ್ಲಿ ಎಂದು ಕೇಳಿದರೆ ಮತ್ತೆ ಮೊದಲಿನಿಂದ. ಒಂದು ತೂತು ತಪ್ಪಿದರೂ ಆಪರೇಷನ್ ಮಾಡಿದ್ದು ವ್ಯರ್ಥ. ನನ್ನ ಮಟ್ಟಿಗೆ ಈ ವಿದ್ಯೆಯ ಅರ್ಧ ಇಲ್ಲಿದೆ, ಚಾಕು ಆಮೇಲಿನದು.

ಲೇಸರ್ ಕಲಿಯುವುದು ಮುಂದಿನ ಹಂತ. ಆಡಿನ ಕಣ್ಣುಗಳ ಮೇಲೆ ಕೈ ಪಳಗಿಸುವುದೂ ಉಂಟು. ಆಪರೇಷನ್ ಕೋಣೆಯಲ್ಲಿ ಕಣ್ಣಿನ ಬಿಳಿಭಾಗಕ್ಕೆ ಮೂರು ಸಣ್ಣ ದಾರಿ ಮಾಡುತ್ತಾರೆ, ಒಂದೊಂದೂ ಅರ್ಧ ಮಿಲಿಮೀಟರಿನ ಆಸುಪಾಸು. ಒಂದರಿಂದ ನೀರು, ಒಂದರಿಂದ ದೀಪ, ಇನ್ನೊಂದರಿಂದ ನಿಮಿಷಕ್ಕೆ ಸಾವಿರಾರು ಸಲ ಕತ್ತರಿಸುವ ಸೂಜಿ. ಎರಡು ಕೈಗೂ ಕೆಲಸ. ಒಂದು ಕಾಲು ಸೂಕ್ಷ್ಮದರ್ಶಕದ ಪೆಡಲಿನ ಮೇಲೆ, ಇನ್ನೊಂದು ಯಂತ್ರದ ಪೆಡಲಿನ ಮೇಲೆ. ಸೊಲ್ಲಾಪುರದ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗ್ಗದ ಮುಂದೆ ಕೈಕಾಲು ಕೂಡಿ ಆಡುವ ತನಕ ಬಟ್ಟೆ ಇಳಿಯದು. ವ್ಯತ್ಯಾಸವಿಷ್ಟೇ, ಇಲ್ಲಿ ಕೆಲವೊಮ್ಮೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಭಾಗದಷ್ಟು ತೆಳು ಪೊರೆಯನ್ನು ಚಿಮಟದಿಂದ ಸುಲಿಯಬೇಕು. ಕಾಣಲೆಂದು ಅದಕ್ಕೆ ನೀಲಿ ಬಣ್ಣ ಹಚ್ಚುತ್ತಾರೆ.

ಹಾಗಾದರೆ ಕಲಿಯುವವರ ಕೈಗೆ ನಮ್ಮ ಕಣ್ಣು ಕೊಡುವುದೇ? ಈ ಪ್ರಶ್ನೆ ನ್ಯಾಯವಾದದ್ದು. ಕಲಿಸುವ ಆಸ್ಪತ್ರೆಗಳಲ್ಲಿ ಕಿರಿಯರಿಗೆ ಇಡೀ ಆಪರೇಷನ್ ಒಮ್ಮೆಲೇ ಸಿಗುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಸಿಗುತ್ತದೆ. ಅದೇ ಸೂಕ್ಷ್ಮದರ್ಶಕದ ಇನ್ನೊಂದು ಜೊತೆ ಕನ್ನಡಿಯಲ್ಲಿ ಗುರುವಿನ ಕಣ್ಣು ಇರುತ್ತದೆ. ಕೈ ತಪ್ಪುವಂತಿದ್ದರೆ ಅವರೇ ಕೂರುತ್ತಾರೆ. ಆದರೂ ‘ಮಾಡುವವರು ಯಾರು, ನೋಡಿಕೊಳ್ಳುವವರು ಯಾರು?’ ಎಂದು ಸಹಿ ಹಾಕುವ ಮೊದಲು ಕೇಳಿ. ಅದು ನಿಮ್ಮ ಹಕ್ಕು. ಒಳ್ಳೆಯ ಡಾಕ್ಟರು ಬೇಸರಿಸುವುದಿಲ್ಲ.

ಆಪರೇಷನ್ ನಂತರದ ಜಾಗ್ರತೆಯೂ ಈ ಪಾಠದಲ್ಲೇ ಸೇರಿದೆ. ನೀಲಗಿರಿ, ವಯನಾಡು, ತಾಳವಾಡಿಯ ಶ್ರೋತೃಗಳು ಇದನ್ನು ಗಮನವಿಟ್ಟು ಕೇಳಬೇಕು. ಪರದೆಯನ್ನು ಒತ್ತಿ ಹಿಡಿಯಲು ಕಣ್ಣಿನೊಳಗೆ ಅನಿಲ ತುಂಬುವುದುಂಟು. ಒಂದು ಬಗೆಯದು ಸುಮಾರು 2 ವಾರ, ಇನ್ನೊಂದು ಬಗೆಯದು 6ರಿಂದ 8 ವಾರ ಒಳಗಿರುತ್ತದೆ. ಎತ್ತರಕ್ಕೆ ಹೋದಂತೆ ಅನಿಲ ಹಿಗ್ಗುತ್ತದೆ, ಕಣ್ಣಿನ ಒತ್ತಡ ಏರಿ ಇದ್ದ ನೋಟವೂ ಹೋಗಬಹುದು. ಕೊಯಮತ್ತೂರಿನಿಂದ ಊಟಿಗೆ ಸುಮಾರು 1800 ಮೀಟರು ಏರು. ವಿಮಾನ ಹತ್ತಬೇಡಿ ಎಂದು ಬಯಲುಸೀಮೆಯ ಡಾಕ್ಟರು ಹೇಳುತ್ತಾರೆ. ನಿಮ್ಮ ಮನೆ ಘಟ್ಟದ ಮೇಲಿದೆಯೆಂದು ಅವರಿಗೆ ಹೇಗೆ ತಿಳಿಯಬೇಕು? ಆಪರೇಷನ್ನಿಗೆ ಮೊದಲೇ ಹೇಳಿ. ಅನಿಲದ ಬದಲು ಸಿಲಿಕೋನ್ ಎಣ್ಣೆ ತುಂಬುವ ದಾರಿಯೂ ಇದೆ. ಅದು ಹಿಗ್ಗುವುದಿಲ್ಲ, ಆದರೆ ಸಾಮಾನ್ಯವಾಗಿ ಕೆಲವು ತಿಂಗಳ ಮೇಲೆ ಮತ್ತೊಂದು ಆಪರೇಷನ್ ಮಾಡಿ ತೆಗೆಯಬೇಕು.

ಇಂಥ ತರಬೇತಿ ಪಡೆದವರು ನಗರಗಳಲ್ಲೇ ಹೆಚ್ಚು. ಅವರ ಕಣ್ಣನ್ನು ಹಳ್ಳಿಗೆ ತಲುಪಿಸಲು ಕರ್ನಾಟಕದಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಒಂದು ಯೋಜನೆ ತೆಗೆದಿತು. ತಿಂಗಳು ತುಂಬದೆ ಹುಟ್ಟಿದ ಕೂಸುಗಳ ಪರದೆಯ ಚಿತ್ರವನ್ನು ತಂತ್ರಜ್ಞರು ಜಿಲ್ಲೆಗಳಲ್ಲೇ ತೆಗೆದು ಕಳಿಸುತ್ತಾರೆ, ತಜ್ಞರು ದೂರದಿಂದ ನೋಡುತ್ತಾರೆ. ಅಂಥ ಕೂಸಿಗೆ 30 ದಿನ ತುಂಬುವುದರೊಳಗೆ ಪರದೆಯ ಪರೀಕ್ಷೆ ಆಗಲೇಬೇಕು. ತೀರ ಸಣ್ಣ ಕೂಸಾದರೆ ಇನ್ನೂ ಮೊದಲು. ಬಾಣಂತನ ಮುಗಿಯಲಿ ಎಂದು ಅಜ್ಜಿಯರು ತಡೆಯಬಾರದು. ಸಕ್ಕರೆ ಕಾಯಿಲೆಯವರು ನೋಟ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಪರದೆ ತೋರಿಸಬೇಕು.

ಬೋರ್ಡು ಓದುವ ವಿಷಯದಲ್ಲಿ ಎರಡು ಭಾಷೆ ಬಲ್ಲ ನಮಗೆ ಅನುಕೂಲವಿದೆ. ತಮಿಳಿನಲ್ಲಿ ‘ವಿಳಿತ್ತಿರೈ’, ಮರಾಠಿಯಲ್ಲಿ ‘ದೃಷ್ಟಿಪಟಲ’, ಮಲಯಾಳದಲ್ಲಿ ‘ದೃಷ್ಟಿಪಟಲಂ’, ಎಲ್ಲ ಕಡೆಯೂ ‘ರೆಟಿನಾ’ ಎಂದರೆ ತಿಳಿಯುತ್ತದೆ. ಹಲವು ಊರುಗಳಲ್ಲಿ ರೆಟಿನಾ ಡಾಕ್ಟರು ವಾರದಲ್ಲಿ ಒಂದೆರಡು ದಿನ ಮಾತ್ರ ಬರುತ್ತಾರೆ. ಹೊರಡುವ ಮೊದಲು ಫೋನ್ ಮಾಡಿ, ಅವರು ಇಂದು ಇದ್ದಾರೆಯೇ, ಇಲ್ಲದಿದ್ದರೆ ಹತ್ತಿರದಲ್ಲಿ ಎಲ್ಲಿದ್ದಾರೆ ಎಂದು ಕೇಳಿಕೊಳ್ಳಿ. ನೋಟಕ್ಕೆ ತೆರೆ ಬಿದ್ದದ್ದು ಯಾವ ದಿನ, ಯಾವ ಹೊತ್ತಿಗೆ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಲ್ಲಿ ಮೊದಲು ಕೇಳುವುದು ಅದನ್ನೇ.