ಲೋಹವಲ್ಲದ ಮೈಗೆ ಲೋಹದ ಕಾಂತಿ

ಹುಬ್ಬಳ್ಳಿಯಿಂದ ಗದಗಿನ ಮಾರ್ಗವಾಗಿ ಪೂರ್ವಕ್ಕೆ ಸಾಗುವ ರೈಲಿನಲ್ಲಿ ಕೊಪ್ಪಳಕ್ಕೆ ಹೋಗಿ ಇಳಿದು, ಅಲ್ಲಿಂದ ಅನತಿದೂರದ ಕಿನ್ನಾಳ ಗ್ರಾಮವನ್ನು ಹೊಕ್ಕು, ಚಿತ್ರಗಾರರ ಮನೆಯ ಪಡಸಾಲೆಯಲ್ಲಿ ಒರಗಿಸಿಟ್ಟ ಗರುಡನನ್ನೋ ಕಾಮಧೇನುವನ್ನೋ ಕಂಡವರು, ಆ ಮೂರ್ತಿಯ ಆಭರಣಗಳಲ್ಲಿ ಥಳಥಳಿಸುವುದು ಬಂಗಾರವೆಂದೇ ಭ್ರಮಿಸುವುದು ಸಹಜ. ಆದರೆ ಅಲ್ಲಿ ಗುಲಗಂಜಿಯಷ್ಟು ಚಿನ್ನವೂ ಇಲ್ಲ, ಇರುವುದು ತವರ. ವಿಜಯನಗರದ ಕಾಲದಿಂದ ನಡೆದುಬಂದುದೆಂದು ಹೇಳಲಾಗುವ ಈ ಕುಶಲಕಲೆಯಲ್ಲಿ ಮೊದಲು ಹಗುರವಾದ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಅರಿವೆಯ ಚೂರುಗಳನ್ನು ಮೈಗೆಲ್ಲ ಹೊದಿಸಿ, ಅದರ ಮೇಲೆ ಕಲ್ಲಿನ ಹುಡಿಯ ಲೇಪವನ್ನು ಬಳಿದು ನುಣುಪುಗೊಳಿಸುವರು. ಆಮೇಲೆ ತವರದ ತೆಳುಹಾಳೆಯನ್ನು ಅಂಟಿನೊಡನೆ ಅರೆದು ದ್ರವಮಾಡಿ ಹಚ್ಚಿ, ಅದು ಒಣಗಿದ ತರುವಾಯ ನಯವಾದ ಕಲ್ಲಿನಿಂದ ತಿಕ್ಕುತ್ತ ಹೋದಂತೆ, ಮಂಕಾದ ಬೂದುಬಣ್ಣದೊಳಗಿನಿಂದ ಬೆಳ್ಳಿಯ ಕಾಂತಿಯು ಮೆಲ್ಲನೆ ಮೇಲೇಳುವುದು. ಅದರ ಮೇಲೆ ಹಳದಿಯ ವಾರ್ನಿಷು ಕೊಟ್ಟರೆ ಆ ಬೆಳ್ಳಿಯೇ ಬಂಗಾರವಾಗುವುದು. ಲಾಜವಾರವೆಂಬುದು ಈ ವಿಧಾನದ ಹೆಸರು.

ಈ ವಿದ್ಯೆ ನನ್ನ ಉಪಯೋಗಕ್ಕೆ ಬಂದುದು ದೇವತಾಮೂರ್ತಿಗಳ ವಿಷಯದಲ್ಲಲ್ಲ, ಅಂಗೈಯ ಮೇಲೆ ನಿಲ್ಲುವ ವಿಮಾನಗಳ ವಿಷಯದಲ್ಲಿ. ನಿಜವಾದ ವಿಮಾನವನ್ನು ಎಪ್ಪತ್ತೆರಡರಲ್ಲೊಂದು ಪಾಲಿಗೆ ಇಳಿಸಿ ಎರಕಹೊಯ್ದ ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಕೂಡಿಸಿ ಬಣ್ಣ ಕೊಡುವ ಈ ಹವ್ಯಾಸದಲ್ಲಿ, ಹಸಿರು ಬೂದುಗಳನ್ನು ಯಾರಾದರೂ ಹಚ್ಚಬಲ್ಲರು. ಕೈಯ ನಿಜವಾದ ಪರೀಕ್ಷೆ ನಡೆಯುವುದು ಬರಿಯ ಲೋಹದ ಮೈಯನ್ನು ತೋರಿಸಬೇಕಾದಾಗ. ನಮ್ಮ ದೇಶದ ವಿಮಾನಗಳನ್ನು ಮಾಡಹೊರಟವನಿಗೆ ಇದು ತಪ್ಪುವುದೂ ಇಲ್ಲ. ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯಲ್ಲಿಯೂ ತಯಾರಾದ, 1965ರ ಯುದ್ಧದಲ್ಲಿ ಕೀರ್ತಿ ಗಳಿಸಿದ ಪುಟ್ಟ ನ್ಯಾಟ್ ವಿಮಾನವು ಆಗ ಹಾರಿದುದು ಬೆಳ್ಳಿಯ ಮೈಯಲ್ಲಿಯೇ. ಅದರ ಪ್ರತಿಕೃತಿಯು ಸುಮಾರು 12 ಸೆಂಟಿಮೀಟರು ಉದ್ದವಾಗುವುದು. ಅಷ್ಟು ಚಿಕ್ಕ ಮೈಯಲ್ಲಿ ಒಂದು ಗೀರು ಉಳಿದರೂ ಅದು ಕಣ್ಣಿಗೆ ಹೊಡೆಯದೆ ಇರದು.

ಪರದೇಶದಿಂದ ಬರುವ ಲೋಹವರ್ಣದ ಶೀಶೆಗಳು ಉತ್ತಮವಾದವುಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ಒಂದು ವಿಮಾನಕ್ಕೆ ಬೇಕಾದ ಮೂರು ನಾಲ್ಕು ಛಾಯೆಗಳನ್ನು ಕೊಳ್ಳುವಷ್ಟರಲ್ಲಿ ಇನ್ನೊಂದು ವಿಮಾನದ ಹಣ ಮುಗಿದಿರುವುದು. ಹುಬ್ಬಳ್ಳಿಯ ದುರ್ಗದಬೈಲಿನ ಆಸುಪಾಸಿನ ಅಂಗಡಿಯೊಂದರಲ್ಲಿ ಬೆಳ್ಳಿಬಣ್ಣದ ಸಣ್ಣ ಡಬ್ಬಿಯನ್ನು ಕೇಳಿದಾಗ, "ಗೇಟಿಗೇನ್ರೀ, ಟಾಕಿಗೇನ್ರೀ?" ಎಂದು ಅಂಗಡಿಯವರು ವಿಚಾರಿಸಿದರು. ವಿಮಾನಕ್ಕೆಂದು ಹೇಳಿ, ತಂದಿದ್ದ ರೆಕ್ಕೆಯನ್ನು ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಎಲ್ಲಕ್ಕಿಂತ ಸಣ್ಣ ಡಬ್ಬಿಯನ್ನೇ ಹುಡುಕಿ ಕೊಟ್ಟರು.

ಈ ಬಣ್ಣದಲ್ಲಿ ಬೆಳ್ಳಿಯಿಲ್ಲ. ವಾರ್ನಿಷಿನಲ್ಲಿ ತೇಲುವ ಅಲ್ಯೂಮಿನಿಯಮ್ಮಿನ ಚಪ್ಪಟೆಯಾದ ಹುಡಿಯುಂಟು, ಅದರ ಕಣಗಳು ಒಣಗುವಾಗ ಮಾಡಿನ ಹಂಚುಗಳಂತೆ ಒಂದರ ಮೇಲೊಂದು ಮಲಗಿ ಬೆಳಕನ್ನು ಹಿಂದಿರುಗಿಸುತ್ತವೆ. ಗೇಟಿಗೆ ಶೋಭಿಸುವ ಕಣವು ಪ್ರತಿಕೃತಿಗೆ ಒರಟಾಗುವುದು ಇಲ್ಲಿಯೇ: ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟಿರುವ ಕಣವನ್ನು ಎಪ್ಪತ್ತೆರಡು ಪಟ್ಟು ಹಿಗ್ಗಿಸಿ ಊಹಿಸಿದರೆ, ನಿಜವಾದ ವಿಮಾನದ ಮೈಮೇಲೆ 7 ಮಿಲಿಮೀಟರನ್ನು ಮೀರಿದ ಹರಳುಗಳು ಹರಡಿದಂತಾಯಿತು. ಆದುದರಿಂದ ಬಣ್ಣವನ್ನು ಟರ್ಪೆಂಟೈನಿನಿಂದ ತೆಳ್ಳಗೆ ಮಾಡಿ, ಎರಡು ಮಡಿಕೆಯ ನೈಲಾನ್ ಬಟ್ಟೆಯಲ್ಲಿ ಸೋಸಿ, ಒಂದು ದಪ್ಪ ಲೇಪಕ್ಕೆ ಬದಲಾಗಿ ಮೂರು ತೆಳು ಲೇಪಗಳನ್ನು ಕೊಡುವುದು ಮೇಲು. ಮೋಟಾರುಗಾಡಿಗೆ ಸಿಂಪಡಿಸುವ ಬಣ್ಣವನ್ನು ಮಾತ್ರ ನೇರವಾಗಿ ಪ್ಲಾಸ್ಟಿಕ್ಕಿನ ಮೇಲೆ ಪ್ರಯೋಗಿಸಲಾಗದು. ಹಾಗೆ ಮಾಡಿ ನಾನು ಒಂದು ಸಂಜೆಯಲ್ಲಿ ಒಂದು ರೆಕ್ಕೆಯನ್ನು ಕಳೆದುಕೊಂಡಿದ್ದೇನೆ, ದ್ರಾವಕವು ಅದರ ನುಣುಪನ್ನೆಲ್ಲ ತಿಂದು ಬಿರುಕು ಬಿಟ್ಟ ಕೆರೆಯಂಗಳದಂತೆ ಮಾಡಿತ್ತು.

ಆದರೆ ಬೆಲೆಯ ವಿಚಾರಕ್ಕಿಂತ ಮುಖ್ಯವಾದುದು ಬಣ್ಣದ ಕೆಳಗಿನ ನೆಲೆ, ಮತ್ತು ಇದನ್ನೇ ಕಿನ್ನಾಳದ ಚಿತ್ರಗಾರರು ಬಲ್ಲರು. ಸಂದುಗಳನ್ನು ತುಂಬಿ, ನೀರು ಹಾಕಿದ ನಯವಾದ ಮರಳುಕಾಗದದಿಂದ ಉಜ್ಜಿ, ಹೊಳಪಿನ ಕಪ್ಪು ಎನಾಮಲನ್ನು ಹಚ್ಚಿ ಎರಡು ದಿನ ಧೂಳಿಲ್ಲದೆಡೆ ಒಣಗಿಸಿದ ಮೈಯ ಮೇಲೆ, ಅಗ್ಗದ ಬೆಳ್ಳಿಯೂ ಆಳವನ್ನು ಪಡೆಯುವುದು. ಒರಟು ಮೈಯ ಮೇಲೆ ಅತಿ ದುಬಾರಿಯಾದ ಬಣ್ಣವೂ ಒರಟಾಗಿಯೇ ಉಳಿಯುವುದು.

ಇನ್ನು ನನಗೆ ಎಲ್ಲಕ್ಕಿಂತ ಪ್ರಿಯವಾದ ಸಾಮಗ್ರಿಯು ಅಡುಗೆಮನೆಯಲ್ಲಿದೆ. ರೊಟ್ಟಿ ಚಪಾತಿಗಳನ್ನು ಸುತ್ತಿಕೊಡುವ ಅಲ್ಯೂಮಿನಿಯಮ್ ಹಾಳೆಯು ಮಿಲಿಮೀಟರಿನ ಐವತ್ತನೆಯ ಒಂದು ಭಾಗಕ್ಕಿಂತ ತೆಳುವಾದುದು. ಅದಕ್ಕೆ ಎರಡು ಮುಖಗಳು, ಒಂದು ಹೊಳೆಯುವುದು, ಇನ್ನೊಂದು ಮಂಕು. ಕಾರ್ಖಾನೆಯಲ್ಲಿ ಕಡೆಯ ಸಲ ಎರಡು ಹಾಳೆಗಳನ್ನು ಜೋಡಿಸಿ ಉರುಳೆಗಳ ನಡುವೆ ಹಾಯಿಸುವುದರಿಂದ, ಉಕ್ಕಿನ ಉರುಳೆಯನ್ನು ಮುಟ್ಟಿದ ಮುಖವು ಹೊಳೆದು, ಒಂದನ್ನೊಂದು ಮುಟ್ಟಿದ ಮುಖಗಳು ಮಂಕಾಗಿ ಉಳಿಯುತ್ತವೆ. ವಿಮಾನದ ಹೊದಿಕೆಯ ತಗಡುಗಳೂ ಒಂದೇ ಛಾಯೆಯವಲ್ಲವಷ್ಟೆ. ಆದುದರಿಂದ ಒಂದು ತಗಡಿಗೆ ಹೊಳೆಯುವ ಮುಖ, ಪಕ್ಕದ್ದಕ್ಕೆ ಮಂಕಾದ ಮುಖ, ಮತ್ತೊಂದಕ್ಕೆ ಅದೇ ಹಾಳೆಯನ್ನು ಅಡ್ಡ ತಿರುಗಿಸಿದ ತುಂಡು, ಹೀಗೆ ಒಂದೇ ಸುರುಳಿಯಿಂದ ಮೂರು ಲೋಹಗಳು ದೊರೆಯುತ್ತವೆ. ತುಂಡಿನ ಹಿಂದೆ ತೆಳುವಾಗಿ ಅಂಟು ಸವರಿ, ಅದು ಜಿಗುಟುಗಟ್ಟಿದ ಮೇಲೆ ಕೂರಿಸಿ, ನಡುವಿನಿಂದ ಅಂಚಿನ ಕಡೆಗೆ ಹತ್ತಿಯಿಂದ ತಿಕ್ಕಿದರೆ, ಪ್ಲಾಸ್ಟಿಕ್ಕಿನಲ್ಲಿ ಕೊರೆದ ಗೆರೆಗಳೂ ರಿವೆಟ್ಟುಗಳೂ ಹಾಳೆಯ ಮೇಲೆ ಒಂದೊಂದಾಗಿ ಮೂಡಿ ಬರುವುದನ್ನು ನೋಡುವುದು ಒಂದು ಅಪೂರ್ವ ಸುಖ. ಮೂಗಿನ ದುಂಡುಭಾಗದಲ್ಲಿ ಮಾತ್ರ ಹಾಳೆಯು ಸುಕ್ಕಾಗುವುದು. ಅಲ್ಲಿ ಸೋಸಿದ ಬಣ್ಣವೇ ಗತಿ.

ಬೆಳ್ಳಿಯ ಭಾಗಗಳ ಮೇಲೆ ವಾರ್ನಿಷನ್ನು ಬಳಿಯಬಾರದು. ಲೋಹವು ಕೂಡಲೇ ಕಳೆಗುಂದುವುದು. ಆದರೆ ನ್ಯಾಟಿನ ಬಾಲದಲ್ಲಿ, ಎಂಜಿನ್ನಿನ ಉರಿಯು ಹೊರಬೀಳುವ ಕೊಳವೆಯ ಸುತ್ತ, ಕಾದ ಉಕ್ಕಿನ ಒಣಹುಲ್ಲಿನ ಬಣ್ಣವು ಬರಬೇಕಾಗುವುದು. ಅದಕ್ಕೆಂದು ನಾನು ಅನೇಕ ಕಂದುಬಣ್ಣಗಳನ್ನು ಬೆರೆಸಿ ಸೋತೆ. ಕಡೆಗೆ ಕಿನ್ನಾಳದ ಗರುಡನು ನೆನಪಾಗಿ, ಅಲ್ಯೂಮಿನಿಯಮ್ ಹಾಳೆಯ ಮೇಲೆ ಹಳದಿ ವಾರ್ನಿಷಿನ ಒಂದೇ ಒಂದು ತೆಳು ಲೇಪವನ್ನು ಎಳೆದು, ಕೊಳವೆಯ ಅಂಚಿನಲ್ಲಿ ಮಾತ್ರ ಇನ್ನೊಂದು ಸಲ ಕುಂಚವನ್ನಾಡಿಸಿದೆ. ಮರುದಿನ ಬೆಳಗ್ಗೆ ಕಿಟಕಿಯ ಬಳಿ ಹಿಡಿದು ನೋಡಿದಾಗ, ಆ ಬಾಲವು ಆಗತಾನೆ ಇಳಿದುಬಂದು ಇನ್ನೂ ಆರದ ಎಂಜಿನ್ನಿನದಾಗಿತ್ತು.